ವಿಶ್ವದ ವೇಗ ಅಳೆಯಲು ಖಾಲಿ ಬಯಲು

ಮೇ ತಿಂಗಳ ರಾತ್ರಿ, ಒಂಬತ್ತರ ಹೊತ್ತು. ಸೆಕೆ ತಾಳಲಾರದೆ ಜನ ಮಾಳಿಗೆಯ ಮೇಲೆ ಚಾಪೆ ಹಾಸಿಕೊಳ್ಳುವ ಕಾಲ. ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಸಪ್ತರ್ಷಿ ಮಂಡಲ ಎತ್ತರದಲ್ಲಿ ಕಾಣುತ್ತದೆ. ಅದರ ಬಾಲದ ಬಾಗನ್ನೇ ಹಿಡಿದು ಮುಂದೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ ನಕ್ಷತ್ರ ಸಿಗುತ್ತದೆ. ಪಂಚಾಂಗ ನೋಡುವವರಿಗೂ ಮಳೆ ಲೆಕ್ಕ ಹಾಕುವ ರೈತರಿಗೂ ಹೆಸರಿನಿಂದ ಪರಿಚಿತವಾದ ಸ್ವಾತಿ. ಈಗ ಬಾಲದ ತುದಿಯ ಮರೀಚಿಗೆ ಮರಳಿ, ಅಲ್ಲಿಂದ ಪೂರ್ವಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ಸರಿಯಿರಿ. ಅಲ್ಲಿ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಕೆಲವು ಮಂಕು ಚುಕ್ಕಿಗಳಿವೆ, ಅವೂ ನಮ್ಮ ಆಕಾಶಗಂಗೆಯವೇ.

ಆ ಚುಕ್ಕಿಗಳನ್ನೆಲ್ಲ ದಾಟಿ, ಸುಮಾರು 70 ಕೋಟಿ ಜ್ಯೋತಿರ್ವರ್ಷಗಳ ಆಚೆ, ವಿಶ್ವದ ಒಂದು ಭಾರಿ ಬಯಲಿದೆ. ಅಡ್ಡಳತೆ ಸುಮಾರು 33 ಕೋಟಿ ಜ್ಯೋತಿರ್ವರ್ಷ. ಸಾಧಾರಣವಾಗಿ ಅಷ್ಟು ಜಾಗದಲ್ಲಿ ಸಾವಿರಾರು ಗೆಲಾಕ್ಸಿಗಳು ಇರಬೇಕು. ಅಲ್ಲಿ ಈವರೆಗೆ ಪತ್ತೆಯಾದವು ಕೆಲವೇ ಡಜನ್. ನಮ್ಮ ಆಕಾಶಗಂಗೆ ಅದರ ನಡುಮಧ್ಯೆ ಇದ್ದಿದ್ದರೆ, ಬೇರೆ ಗೆಲಾಕ್ಸಿಗಳೂ ಇವೆಯೆಂಬುದು ನಮಗೆ 1960ರ ದಶಕದವರೆಗೆ ಗೊತ್ತಾಗುತ್ತಲೇ ಇರಲಿಲ್ಲ ಎಂದು ಅಮೆರಿಕದ ಖಗೋಳ ವಿಜ್ಞಾನಿ ಗ್ರೆಗ್ ಆಲ್ಡರಿಂಗ್ ಹೇಳಿದ್ದುಂಟು.

ವಿಶ್ವ ಹಿಗ್ಗುತ್ತಿದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಪ್ರಶ್ನೆಗೆ ಮಾತ್ರ ವಿಜ್ಞಾನಿಗಳ ಬಳಿ ಇಂದು ಒಂದೇ ಉತ್ತರವಿಲ್ಲ. ಆ ಉತ್ತರದ ಹುಡುಕಾಟದಲ್ಲಿ, ಏನೂ ಇಲ್ಲವೆಂದು ಬಹುಕಾಲ ಯಾರೂ ತಿರುಗಿ ನೋಡದಿದ್ದ ಇಂಥ ಬಯಲುಗಳು ಈಗ ಮುಖ್ಯವಾಗಿವೆ.

12 ಸಾವಿರಕ್ಕೂ 18 ಸಾವಿರಕ್ಕೂ ನಡುವೆ

ಆಕಾಶ ನಮಗೆ ಚಪ್ಪಟೆಯಾಗಿ ಕಾಣುತ್ತದೆ. ಹತ್ತಿರದ ಗೆಲಾಕ್ಸಿಯೂ ದೂರದ ಗೆಲಾಕ್ಸಿಯೂ ಒಂದರ ಪಕ್ಕ ಒಂದು ಅಂಟಿಸಿದಂತಿರುತ್ತವೆ. ನಡುವೆ ಖಾಲಿ ಜಾಗವಿದೆಯೇ ಎಂದು ತಿಳಿಯಬೇಕಾದರೆ ಪ್ರತಿಯೊಂದರ ದೂರ ಗೊತ್ತಾಗಬೇಕು. ಅದಕ್ಕೆ ಗೆಲಾಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತ ಪಡೆಯುತ್ತಾರೆ. ರೋಹಿತದಲ್ಲಿನ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂಬುದರಿಂದ ಆ ಗೆಲಾಕ್ಸಿ ನಮ್ಮಿಂದ ಎಷ್ಟು ವೇಗವಾಗಿ ದೂರವಾಗುತ್ತಿದೆ ಎಂದು ತಿಳಿಯುತ್ತದೆ. ವೇಗ ಹೆಚ್ಚಿದ್ದಷ್ಟೂ ದೂರ ಹೆಚ್ಚು. ಗೆರೆಗಳು ಹೀಗೆ ಕೆಂಪಿನ ಕಡೆಗೆ ಸರಿಯುವುದಕ್ಕೆ ಕೆಂಪು ಪಲ್ಲಟ ಎಂದು ಹೆಸರು.

ಅದು ಒಂದೊಂದಾಗಿ ಮಾಡಬೇಕಾದ, ರಾತ್ರಿಗಟ್ಟಲೆ ಕೂತು ಮಾಡಬೇಕಾದ ಕೆಲಸವಾಗಿತ್ತು. 1970ರ ದಶಕದ ಕೊನೆಯಲ್ಲಿ ಎಸ್ಟೋನಿಯಾದ ಯಾನ್ ಐನಾಸ್ಟೊ ಅವರ ತಂಡ ಮತ್ತು ಅಮೆರಿಕದ ಸ್ಟೀಫನ್ ಗ್ರೆಗರಿ, ಲೇರ್ಡ್ ಥಾಂಪ್ಸನ್ ಹೀಗೆ ದೂರ ಅಳೆಯುತ್ತ ಹೋದಾಗ ಗೆಲಾಕ್ಸಿಗಳ ನಡುವೆ ದೊಡ್ಡ ದೊಡ್ಡ ತೆರಪುಗಳು ಕಂಡವು. 1981ರಲ್ಲಿ ರಾಬರ್ಟ್ ಕರ್ಷ್‌ನರ್ ಮತ್ತು ಮೂವರು ಸಂಗಾತಿಗಳು ಸ್ವಾತಿಯಿರುವ ಬೂಟೀಸ್ ರಾಶಿಯತ್ತ ನೋಡಿದರು. ಸೆಕೆಂಡಿಗೆ 12 ಸಾವಿರ ಕಿ.ಮೀ.ವರೆಗಿನ ವೇಗದ ಗೆಲಾಕ್ಸಿಗಳು ಸಿಕ್ಕವು, 18 ಸಾವಿರಕ್ಕಿಂತ ಹೆಚ್ಚು ವೇಗದವೂ ಸಿಕ್ಕವು. ನಡುವಿನ ವೇಗದವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸ್ವಾತಿಯ ದಿಕ್ಕಿನ ಮಹಾಬಯಲು ಪತ್ತೆಯಾದದ್ದು ಹೀಗೆ, ವೇಗದ ಪಟ್ಟಿಯಲ್ಲಿನ ಒಂದು ಖಾಲಿ ಜಾಗವಾಗಿ.

ಅಂಥದ್ದು ಎಲ್ಲೋ ಒಂದು ಕಡೆ ಇದ್ದೀತು, ಅಪವಾದ ಎಂದವರಿಗೆ 1986ರಲ್ಲಿ ಉತ್ತರ ಬಂತು. ವಲೆರಿ ದ ಲಾಪರಾಂ, ಮಾರ್ಗರೆಟ್ ಗೆಲ್ಲರ್, ಜಾನ್ ಹುಕ್ರಾ ಸೇರಿ ಆಕಾಶದ ಒಂದು ಪಟ್ಟಿಯಲ್ಲಿನ ಸುಮಾರು 1,100 ಗೆಲಾಕ್ಸಿಗಳ ನಕ್ಷೆ ಪ್ರಕಟಿಸಿದರು. ಗೆಲಾಕ್ಸಿಗಳು ತೆಳುವಾದ ಗೋಡೆಗಳ ಮೇಲೆ, ಎಳೆಗಳ ಉದ್ದಕ್ಕೂ ಸಾಲುಗಟ್ಟಿದ್ದವು, ಗೋಡೆಗಳ ನಡುವೆ ಬಯಲು. ಖಗೋಳ ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಸಣ್ಣ ನಕ್ಷೆಯೊಂದು ಇಷ್ಟು ದೊಡ್ಡ ಕಲ್ಪನೆಯನ್ನು ಬದಲಿಸಿದ ಉದಾಹರಣೆ ಅಪರೂಪ. ವಿಶ್ವದ ಬಹುಪಾಲು ಗಾತ್ರವನ್ನು ಆಕ್ರಮಿಸಿರುವುದು ಬಯಲುಗಳೇ, ಗೆಲಾಕ್ಸಿಗಳು ಅವುಗಳ ಅಂಚುಗಳಲ್ಲಿ ನೆಲೆಸಿವೆ ಎಂಬ ಚಿತ್ರ ಅಂದಿನಿಂದ ಗಟ್ಟಿಯಾಯಿತು.

ಬಡತನ ಹೆಚ್ಚಿದ ಬಗೆ

ಈ ಬಯಲುಗಳನ್ನು ಯಾವುದೋ ಸ್ಫೋಟ ಕೊರೆದು ಮಾಡಿದ್ದಲ್ಲ. ಮಹಾಸ್ಫೋಟವಾಗಿ ಸುಮಾರು 3.8 ಲಕ್ಷ ವರ್ಷಗಳಾದಾಗ ಹೊರಟ ಬೆಳಕು ಇಂದಿಗೂ ನಮಗೆ ಸೂಕ್ಷ್ಮತರಂಗಗಳಾಗಿ ತಲಪುತ್ತಿದೆ. ಅದನ್ನು ಅಳೆದಾಗ, ಆಗಿನ ವಿಶ್ವ ಎಲ್ಲ ಕಡೆ ಬಹುತೇಕ ಒಂದೇ ಸಮನಾಗಿತ್ತು ಎಂದು ಗೊತ್ತಾಗಿದೆ. ವ್ಯತ್ಯಾಸವಿದ್ದದ್ದು ಲಕ್ಷಕ್ಕೆ ಒಂದು ಪಾಲಿನ ಆಸುಪಾಸು.

ಸ್ವಲ್ಪ ಹೆಚ್ಚು ದ್ರವ್ಯವಿದ್ದ ಕಡೆ ಗುರುತ್ವ ಸ್ವಲ್ಪ ಹೆಚ್ಚು, ಹಾಗಾಗಿ ಅದು ಸುತ್ತಲಿನದ್ದನ್ನು ಎಳೆದುಕೊಂಡಿತು. ಸ್ವಲ್ಪ ಕಡಿಮೆಯಿದ್ದ ಕಡೆ ಹಿಡಿದಿಡುವ ಬಲವೂ ಕಡಿಮೆ. ಅಲ್ಲಿದ್ದದ್ದು ಮೆಲ್ಲಗೆ ಅಂಚಿನ ಕಡೆಗೆ ಹರಿದುಹೋಯಿತು. ದ್ರವ್ಯ ಹೋದಷ್ಟೂ ಹಿಡಿತ ಸಡಿಲ, ಹಿಡಿತ ಸಡಿಲಾದಷ್ಟೂ ಆ ಪ್ರದೇಶ ಉಳಿದ ಕಡೆಗಿಂತ ಬೇಗ ಹಿಗ್ಗುತ್ತದೆ. 1,380 ಕೋಟಿ ವರ್ಷಗಳ ಕಾಲ ಇದು ನಡೆದರೆ ಉಳಿಯುವುದು ಮಹಾಬಯಲು.

ಹಾಗೆಂದು ಅವು ಪೂರ್ತಿ ಖಾಲಿಯಲ್ಲ. ವಿಶ್ವದಲ್ಲಿ ಸಾಮಾನ್ಯ ದ್ರವ್ಯವನ್ನೆಲ್ಲ ಸಮನಾಗಿ ಹರಡಿದರೆ ಸರಿಸುಮಾರು ನಾಲ್ಕು ಘನ ಮೀಟರಿಗೆ ಒಂದು ಹೈಡ್ರೊಜನ್ ಪರಮಾಣು ಬರುತ್ತದೆ. ಬಯಲಿನ ನಟ್ಟನಡುವೆ ಇರುವುದು ಅದರ ಹತ್ತನೇ ಒಂದೆರಡು ಪಾಲು. ಅಲ್ಲಿ ತೆಳುವಾದ ಎಳೆಗಳಿವೆ, ಒಂಟಿ ಗೆಲಾಕ್ಸಿಗಳಿವೆ. ಈ ಗೆಲಾಕ್ಸಿಗಳು ಸಾಮಾನ್ಯವಾಗಿ ಸಣ್ಣವು, ನೀಲಿ ಛಾಯೆಯವು. ಡಿಕ್ಕಿ ಹೊಡೆಯುವ ನೆರೆಹೊರೆಯಿಲ್ಲದ ಕಾರಣ ಅವು ಇನ್ನೂ ನಿಧಾನವಾಗಿ ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತಿವೆ.

ಭೂಮಿ, ಸೌರವ್ಯೂಹ, ಆಕಾಶಗಂಗೆ ಇವು ಯಾವುವೂ ಹಿಗ್ಗುತ್ತಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಅವುಗಳನ್ನು ಗುರುತ್ವ ಬಿಗಿಯಾಗಿ ಕಟ್ಟಿಹಾಕಿದೆ. ಹಿಗ್ಗುವಿಕೆ ನಿಜವಾಗಿ ನಡೆಯುವುದು ಗೆಲಾಕ್ಸಿಗಳ ಗುಂಪುಗಳ ನಡುವಿನ ವಿಶಾಲ ಜಾಗದಲ್ಲಿ. ಸ್ವಾತಿಯ ದಿಕ್ಕಿನ ಬಯಲಿನ ಈ ಅಂಚಿನಿಂದ ನೋಡಿದರೆ ಆ ಅಂಚು ಸೆಕೆಂಡಿಗೆ ಸುಮಾರು 7 ಸಾವಿರ ಕಿ.ಮೀ. ವೇಗದಲ್ಲಿ ದೂರವಾಗುತ್ತಿದೆ.

67ರ ಪಕ್ಷ, 73ರ ಪಕ್ಷ

ವಿಶ್ವದ ವೇಗವನ್ನು ಹಬಲ್ ಸ್ಥಿರಾಂಕ ಎಂಬ ಸಂಖ್ಯೆಯಿಂದ ಹೇಳುತ್ತಾರೆ. 32.6 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ದೂರವಾಗುತ್ತಿದೆ ಎಂಬುದೇ ಆ ಸಂಖ್ಯೆ. 1929ರಲ್ಲಿ ಎಡ್ವಿನ್ ಹಬಲ್ ಕೊಟ್ಟ ಉತ್ತರ ಸುಮಾರು 500. ಅದು ನಿಜವಾಗಿದ್ದರೆ ವಿಶ್ವದ ವಯಸ್ಸು 200 ಕೋಟಿ ವರ್ಷ ಆಗಬೇಕಿತ್ತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು. ದೂರ ಅಳೆಯುವ ವಿಧಾನ ಸುಧಾರಿಸಿದಂತೆ ಸಂಖ್ಯೆ ಇಳಿಯುತ್ತ ಬಂತು. ಹಬಲ್ ಹೆಸರಿನ ದೂರದರ್ಶಕವನ್ನೇ ಬಳಸಿದ ವೆಂಡಿ ಫ್ರೀಡ್‌ಮನ್ ಅವರ ತಂಡ 2001ರಲ್ಲಿ 72 ಎಂದಿತು. ಹೆಚ್ಚೂಕಡಿಮೆ 8ರ ಅಂತರ ಇರಬಹುದೆಂಬ ಎಚ್ಚರಿಕೆಯೂ ಜೊತೆಗಿತ್ತು.

ಆಮೇಲೆ ಅಳತೆಗಳು ಇನ್ನಷ್ಟು ನಿಖರವಾದವು, ಭಿನ್ನಾಭಿಪ್ರಾಯ ಶುರುವಾದದ್ದು ಆಗಲೇ. ಯೂರೋಪಿನ ಪ್ಲಾಂಕ್ ಉಪಗ್ರಹ ವಿಶ್ವದ ಬಾಲ್ಯದ ಬೆಳಕನ್ನು ಅಳೆಯಿತು. ಅಲ್ಲಿಂದ ಇಂದಿನವರೆಗೆ ಲೆಕ್ಕ ಹಾಕಿದಾಗ 2018ರಲ್ಲಿ ಬಂದ ಉತ್ತರ 67.4. ಇನ್ನೊಂದು ಕಡೆ ಆಡಮ್ ರೀಸ್ ಅವರ ತಂಡ ಹತ್ತಿರದ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳಿಂದ ಆರಂಭಿಸಿ, ದೂರದ ಸೂಪರ್‌ನೋವಾ ಎಂಬ ಸಿಡಿಯುವ ನಕ್ಷತ್ರಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ದೂರ ಅಳೆದು 2022ರಲ್ಲಿ 73.04 ಎಂದಿತು. ಎರಡೂ ತಂಡಗಳು ಹೇಳುವ ತಪ್ಪಿನ ಅಂಚು 1ರ ಒಳಗೆ ಅಥವಾ ಅದರ ಆಸುಪಾಸು. ಹಾಗಾಗಿ 67ಕ್ಕೂ 73ಕ್ಕೂ ನಡುವಿನ ಅಂತರವನ್ನು ಆಕಸ್ಮಿಕವೆಂದು ಬದಿಗೆ ಸರಿಸಲಾಗುತ್ತಿಲ್ಲ. ಯಾವುದೋ ಒಂದು ಅಳತೆಯಲ್ಲಿ ಕಾಣದ ದೋಷವಿರಬೇಕು, ಇಲ್ಲವೇ ವಿಶ್ವದ ಕಥೆಯಲ್ಲೇ ನಮಗೆ ಗೊತ್ತಿಲ್ಲದ ಅಧ್ಯಾಯವೊಂದಿರಬೇಕು.

ನಾವೇ ಬಯಲಿನಲ್ಲಿದ್ದೇವೆಯೇ?

ಹೀಗೂ ಇರಬಹುದು ಎಂದು ಕೆಲವರು ಕೇಳುತ್ತಾರೆ. ನಾವೇ ಒಂದು ಭಾರಿ ಬಯಲಿನ ನಡುವೆ ಇದ್ದರೆ? ನಮ್ಮ ಸುತ್ತಲಿನ ಗೆಲಾಕ್ಸಿಗಳು ದಟ್ಟವಾದ ಅಂಚಿನ ಕಡೆಗೆ ಹರಿಯುತ್ತಿರುತ್ತವೆ. ನಮಗೆ ಅವು ವಿಶ್ವದ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ದೂರವಾಗುವಂತೆ ತೋರುತ್ತವೆ. ಆಗ 67 ನಿಜ, 73 ನಮ್ಮ ವಿಳಾಸದಿಂದಾದ ಭ್ರಮೆ.

ಇದು ಬರೀ ಊಹೆಯಲ್ಲ. 2013ರಲ್ಲಿ ರಯಾನ್ ಕೀನನ್, ಏಮಿ ಬಾರ್ಜರ್, ಲೆನಾಕ್ಸ್ ಕೌವಿ ಗೆಲಾಕ್ಸಿಗಳನ್ನು ಎಣಿಸಿ, ನಮ್ಮ ಸುತ್ತ ಸುಮಾರು 100 ಕೋಟಿ ಜ್ಯೋತಿರ್ವರ್ಷದವರೆಗೆ ದ್ರವ್ಯ ಕಡಿಮೆಯಿರುವಂತಿದೆ ಎಂದಿದ್ದರು. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಇಂದ್ರನೀಲ್ ಬಾನಿಕ್ ಈ ವಾದವನ್ನು ಮುಂದೊಯ್ದಿದ್ದಾರೆ. ಅಷ್ಟು ದೊಡ್ಡ ಪ್ರದೇಶದ ಸಾಂದ್ರತೆ ಸರಾಸರಿಗಿಂತ ಶೇ 20ರಷ್ಟು ಕಡಿಮೆಯಿದ್ದರೆ ಎರಡು ಸಂಖ್ಯೆಗಳ ಜಗಳ ಬಗೆಹರಿಯುತ್ತದೆ ಎಂಬುದು ಅವರ ಲೆಕ್ಕ.

ನನಗೆ ಈ ವಾದ ಆಕರ್ಷಕವಾಗಿ ಕಂಡರೂ ಒಪ್ಪಲು ಕಷ್ಟ. ಅಷ್ಟು ಅಗಲದ, ಅಷ್ಟು ಆಳದ ಬಯಲು ಮೂಡಲು ಇಂದಿನ ವಿಶ್ವ ಸಿದ್ಧಾಂತದ ಪ್ರಕಾರ ಸಮಯವೇ ಸಾಲದು. ನಿಜವಾಗಿ ಅಂಥ ಬಯಲಿದ್ದರೆ ಅದರ ಅಂಚು ದಾಟುವಲ್ಲಿ ಸೂಪರ್‌ನೋವಾಗಳ ವೇಗದಲ್ಲಿ ಒಂದು ಮೆಟ್ಟಿಲು ಕಾಣಬೇಕು. 2019ರಲ್ಲಿ ಡಾರ್ಸಿ ಕೆನ್‌ವರ್ದಿ, ಡ್ಯಾನ್ ಸ್ಕೋಲ್ನಿಕ್ ಮತ್ತು ರೀಸ್ ಹುಡುಕಿದಾಗ ಅದು ಕಾಣಲಿಲ್ಲ. ಅದೂ ಅಲ್ಲದೆ ನಾವು ಆ ಬಯಲಿನ ಹೆಚ್ಚೂಕಡಿಮೆ ನಡುವೆಯೇ ಇರಬೇಕು. ವಿಶ್ವದಲ್ಲಿ ನಮ್ಮ ಸ್ಥಾನ ವಿಶೇಷವೆಂದು ಭಾವಿಸುವ ವಿವರಣೆಗಳ ಬಗ್ಗೆ ಕೋಪರ್ನಿಕಸ್ ಕಾಲದಿಂದ ವಿಜ್ಞಾನ ಎಚ್ಚರದಿಂದಿದೆ, ಆ ಎಚ್ಚರ ಸರಿಯಾದದ್ದೇ.

ನಮ್ಮ ಪಕ್ಕದಲ್ಲಿ ಬಯಲೊಂದು ಇರುವುದಂತೂ ಖಚಿತ. 1987ರಲ್ಲಿ ಬ್ರೆಂಟ್ ಟುಲ್ಲಿ ಮತ್ತು ರಿಚರ್ಡ್ ಫಿಶರ್ ಗುರುತಿಸಿದ ಅದಕ್ಕೆ ಸ್ಥಳೀಯ ಬಯಲು ಎಂದೇ ಹೆಸರು. ನಾವಿರುವುದು ಅದರ ಅಂಚಿನಲ್ಲಿ. ಆಕಾಶಗಂಗೆ ಸೆಕೆಂಡಿಗೆ ಸುಮಾರು 260 ಕಿ.ಮೀ. ವೇಗದಲ್ಲಿ ಅದರಿಂದ ದೂರ ಸರಿಯುತ್ತಿದೆ. ಆದರೆ ಮೇಲಿನ ಜಗಳ ಬಿಡಿಸುವಷ್ಟು ದೊಡ್ಡದಲ್ಲ ಅದು.

ದುಂಡಗಿರಬೇಕು, ಇದೆಯೇ?

ನನ್ನ ಮಟ್ಟಿಗೆ ಬಯಲುಗಳ ನಿಜವಾದ ಉಪಯೋಗ ಇರುವುದು ಅವುಗಳ ಆಕಾರದಲ್ಲಿ. ಇದರ ಹಿಂದಿನ ಉಪಾಯ ಬಹಳ ಸರಳ, ಹಾಗಾಗಿಯೇ ಸುಂದರ.

1979ರಲ್ಲಿ ಚಾರ್ಲ್ಸ್ ಆಲ್ಕಾಕ್ ಮತ್ತು ಪೋಲೆಂಡ್ ಮೂಲದ ಬೊಹ್ದಾನ್ ಪಚಿನ್ಸ್ಕಿ ಒಂದು ಪರೀಕ್ಷೆ ಸೂಚಿಸಿದರು. ಬಹು ದೂರದಲ್ಲಿ ದುಂಡಗಿನ ವಸ್ತುವೊಂದು ಇದೆಯೆನ್ನಿ. ಅದನ್ನು ನಾವು ಎರಡು ಬಗೆಯಲ್ಲಿ ಅಳೆಯುತ್ತೇವೆ. ಅಡ್ಡಗಲವನ್ನು ಆಕಾಶದಲ್ಲಿ ಅದು ತೋರುವ ಕೋನದಿಂದ ಅಳೆಯುತ್ತೇವೆ. ನಮ್ಮ ದೃಷ್ಟಿಯ ನೇರಕ್ಕಿರುವ ಆಳವನ್ನು ಅಳೆಯಲು ಅದರ ಮುಂಭಾಗದ ಮತ್ತು ಹಿಂಭಾಗದ ಕೆಂಪು ಪಲ್ಲಟಗಳ ವ್ಯತ್ಯಾಸ ನೋಡುತ್ತೇವೆ. ಕೋನವನ್ನು ಜ್ಯೋತಿರ್ವರ್ಷಕ್ಕೆ ಪರಿವರ್ತಿಸಲು ಆ ವಸ್ತುವಿನ ದೂರ ಬೇಕು. ಕೆಂಪು ಪಲ್ಲಟವನ್ನು ಜ್ಯೋತಿರ್ವರ್ಷಕ್ಕೆ ಪರಿವರ್ತಿಸಲು ಆ ಕಾಲದಲ್ಲಿ ವಿಶ್ವ ಹಿಗ್ಗುತ್ತಿದ್ದ ವೇಗ ಬೇಕು. ವಿಶ್ವದ ಹಿಗ್ಗುವಿಕೆಯ ಬಗ್ಗೆ ನಮ್ಮ ಊಹೆ ಸರಿಯಿದ್ದರೆ ಎರಡು ಅಳತೆಗಳೂ ಹೊಂದಿ, ವಸ್ತು ದುಂಡಗೆ ಕಾಣುತ್ತದೆ. ಊಹೆ ತಪ್ಪಿದ್ದರೆ ಅದು ಉದ್ದಕ್ಕೆ ಎಳೆದಂತೆಯೋ ಚಪ್ಪಟೆಯಾಗಿಯೋ ಕಾಣುತ್ತದೆ.

ವಸ್ತುವಿನ ನಿಜವಾದ ಗಾತ್ರ ಎಷ್ಟೆಂದು ಗೊತ್ತಿರಬೇಕಾಗಿಲ್ಲ ಎಂಬುದು ಈ ಪರೀಕ್ಷೆಯ ಹೆಚ್ಚುಗಾರಿಕೆ. ಅದು ದುಂಡಗಿದೆ ಎಂದಷ್ಟೇ ಗೊತ್ತಿದ್ದರೆ ಸಾಕು. ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂಬ ಸಂಗತಿ ಬಯಲಾಗುವುದಕ್ಕೆ 19 ವರ್ಷ ಮೊದಲೇ ಇದನ್ನು ಯೋಚಿಸಿದ್ದರು.

ಆದರೆ ಕೋಟ್ಯಂತರ ಜ್ಯೋತಿರ್ವರ್ಷ ಅಗಲದ ದುಂಡಗಿನ ವಸ್ತು ಎಲ್ಲಿಂದ ತರುವುದು? 1995ರಲ್ಲಿ ಬಾರ್ಬರಾ ರೈಡನ್ ಬಯಲುಗಳನ್ನು ಬಳಸಬಹುದೆಂದರು. ಒಂದೊಂದು ಬಯಲೂ ಅಂಕುಡೊಂಕಾಗಿರುತ್ತದೆ ಎಂಬುದು ನಿಜ. 2012ರಲ್ಲಿ ಗಿಲೆಂ ಲಾವೊ ಮತ್ತು ಬೆಂಜಮಿನ್ ವಾಂಡೆಲ್ಟ್ ಅದಕ್ಕೆ ದಾರಿ ತೋರಿಸಿದರು. ಬಯಲುಗಳ ಅಂಕುಡೊಂಕಿಗೆ ನಿರ್ದಿಷ್ಟ ದಿಕ್ಕಿಲ್ಲ. ಒಂದು ಹೀಗೆ ವಾಲಿದ್ದರೆ ಇನ್ನೊಂದು ಹಾಗೆ ವಾಲಿರುತ್ತದೆ. ನೂರಾರು, ಸಾವಿರಾರು ಬಯಲುಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಡೊಂಕುಗಳೆಲ್ಲ ಒಂದನ್ನೊಂದು ಅಳಿಸಿಹಾಕಿ, ದುಂಡಗಿನ ಬಯಲೊಂದು ಉಳಿಯಲೇಬೇಕು. ಉಳಿಯದಿದ್ದರೆ ದೋಷ ನಮ್ಮ ಊಹೆಯದು.

ಒಂದು ತೊಡಕಿದೆ. ಬಯಲಿನ ಗೆಲಾಕ್ಸಿಗಳು ಅಂಚಿನ ಕಡೆಗೆ ಹರಿಯುತ್ತಿರುತ್ತವೆ ಎಂದೆನಲ್ಲ, ಆ ಚಲನೆಯೂ ಕೆಂಪು ಪಲ್ಲಟದೊಳಗೆ ಸೇರಿಕೊಂಡು ಆಕಾರವನ್ನು ಕೆಡಿಸುತ್ತದೆ. ಗೆಲಾಕ್ಸಿಗಳು ಕಿಕ್ಕಿರಿದ ಗುಚ್ಛಗಳಲ್ಲಿ ಇಂಥ ಚಲನೆ ಅಡ್ಡಾದಿಡ್ಡಿ, ಲೆಕ್ಕಕ್ಕೆ ಸಿಗುವುದು ಬಹಳ ಕಷ್ಟ. ಬಯಲಿನಲ್ಲಿ ಎಳೆದಾಡುವವರು ಕಡಿಮೆ. ಚಲನೆ ಶಾಂತವಾಗಿ, ನಡುವಿನಿಂದ ಹೊರಕ್ಕೆ, ಕ್ರಮವಾಗಿ ಸಾಗುತ್ತದೆ. ಆದ್ದರಿಂದ ಅದನ್ನು ಲೆಕ್ಕ ಹಾಕಿ ಕಳೆಯಬಹುದು. ನಕ್ಷತ್ರಗಳ ಹುಟ್ಟುಸಾವು, ಧೂಳು, ಸ್ಫೋಟಗಳ ಗೊಂದಲವೂ ಇಲ್ಲಿ ಕಡಿಮೆ.

ಅಂಚು ಎಳೆಯುವುದು ಹೇಗೆ?

ಬಯಲಿಗೆ ಬೇಲಿಯಿಲ್ಲ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಾರು ನಿರ್ಧರಿಸಬೇಕು? ಹೆಚ್ಚು ಬಳಕೆಯಲ್ಲಿರುವ ವಿಧಾನ ಭೂಗೋಳದಿಂದ ಎರವಲು ತಂದದ್ದು. ಆಗುಂಬೆಯ ಆಸುಪಾಸಿನಲ್ಲಿ ಏಣಿನ ಒಂದು ಬದಿಗೆ ಬಿದ್ದ ಮಳೆ ಸೀತಾನದಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಬದಿಗೆ ಬಿದ್ದದ್ದು ಮಾಲತಿ, ತುಂಗೆಯರನ್ನು ಸೇರಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಏಣೇ ಎರಡು ಜಲಾನಯನಗಳ ಗಡಿ.

ಕಂಪ್ಯೂಟರಿನಲ್ಲಿ ಗೆಲಾಕ್ಸಿಗಳ ನಕ್ಷೆಯನ್ನೂ ಹೀಗೆಯೇ ನೋಡುತ್ತಾರೆ. ಗೆಲಾಕ್ಸಿಗಳು ದಟ್ಟವಾಗಿರುವ ಕಡೆ ಎತ್ತರ, ವಿರಳವಾಗಿರುವ ಕಡೆ ತಗ್ಗು. ಒಂದೊಂದು ತಗ್ಗೂ ಒಂದೊಂದು ಬಯಲು, ನಡುವಿನ ಏಣುಗಳು ಅವುಗಳ ಅಂಚು. ಮಾರ್ಕ್ ನೈರಿಂಕ್ 2008ರಲ್ಲಿ ಪ್ರಕಟಿಸಿದ ತಂತ್ರಾಂಶವೊಂದು ಈ ಕೆಲಸಕ್ಕೆ ಬುನಾದಿಯಾಯಿತು. ಬಯಲು ಹೀಗೇ ಇರಬೇಕೆಂದು ಮೊದಲೇ ಆಕಾರ ಹೇರದಿರುವುದು ಇದರ ಗುಣ. ಆಕಾರವನ್ನೇ ಪರೀಕ್ಷಿಸ ಹೊರಟವರಿಗೆ ಅದು ಅಗತ್ಯ ಕೂಡ.

ಸಿಕ್ಕ ಉತ್ತರಗಳು

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಸ್ಲೋನ್ ಸಮೀಕ್ಷೆಯ ದೂರದರ್ಶಕ ಲಕ್ಷಾಂತರ ಗೆಲಾಕ್ಸಿಗಳ ಕೆಂಪು ಪಲ್ಲಟ ಕೊಟ್ಟಿತು. ಆ ನಕ್ಷೆಯಲ್ಲಿ ಹೆಕ್ಕಿದ ಸಾವಿರಾರು ಬಯಲುಗಳ ಸರಾಸರಿ ಆಕಾರದಿಂದ ಜರ್ಮನಿಯ ನಿಕೊ ಹಾಮಾಸ್ ಮತ್ತು ಸಂಗಡಿಗರು 2020ರಲ್ಲಿ ವಿಶ್ವದ ಒಟ್ಟು ಶಕ್ತಿಯಲ್ಲಿ ದ್ರವ್ಯದ ಪಾಲು ಸುಮಾರು ಶೇ 31 ಎಂದು ಲೆಕ್ಕ ಹಾಕಿದರು. ಪ್ಲಾಂಕ್ ಉಪಗ್ರಹ ಸಂಪೂರ್ಣ ಬೇರೆ ದಾರಿಯಿಂದ ತಲಪಿದ ಸಂಖ್ಯೆಯೂ ಅದೇ ಆಸುಪಾಸಿನದು. ಅದೇ ವರ್ಷ ಪೋರ್ಟ್ಸ್‌ಮತ್‌ನ ಶೇಷಾದ್ರಿ ನಾದತೂರ್ ಮತ್ತು ಸಂಗಡಿಗರು ಬಯಲುಗಳ ಆಕಾರವನ್ನು ಗೆಲಾಕ್ಸಿಗಳ ಹಂಚಿಕೆಯ ಇನ್ನೊಂದು ಅಳತೆಯೊಂದಿಗೆ ಸೇರಿಸಿ, ಸೂಪರ್‌ನೋವಾಗಳ ನೆರವೇ ಇಲ್ಲದೆ, ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿ ಇದೆಯೆಂಬುದಕ್ಕೆ ಬಲವಾದ ಪುರಾವೆ ಒದಗಿಸಿದರು. 1998ರಲ್ಲಿ ಸೂಪರ್‌ನೋವಾಗಳು ಹೇಳಿದ್ದನ್ನು, 2011ರಲ್ಲಿ ನೊಬೆಲ್ ಪಡೆದದ್ದನ್ನು, ಖಾಲಿ ಜಾಗ ಸ್ವತಂತ್ರವಾಗಿ ದೃಢಪಡಿಸಿತು. ಇದನ್ನು ಸಣ್ಣ ಸಂಗತಿಯೆಂದು ನಾನು ಎಣಿಸಲಾರೆ.

ಆಕಾರದ ಪರೀಕ್ಷೆಯಿಂದ 67 ಅಥವಾ 73 ಎಂಬ ಸಂಖ್ಯೆ ನೇರವಾಗಿ ಸಿಗುವುದಿಲ್ಲ. ಅದು ಕೊಡುವುದು ದೂರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು. ಸಂಖ್ಯೆ ಬೇಕಾದರೆ ಉದ್ದ ಗೊತ್ತಿರುವ ಒಂದು ಅಳತೆಗೋಲೂ ಬೇಕು. ವಿಶ್ವದ ಬಾಲ್ಯದಲ್ಲಿ ಬಿಸಿ ಅನಿಲದೊಳಗೆ ಹಬ್ಬಿದ ಶಬ್ದದ ಅಲೆಗಳು ಗೆಲಾಕ್ಸಿಗಳ ಹಂಚಿಕೆಯಲ್ಲಿ ಬಿಟ್ಟುಹೋದ ಗುರುತು ಅಂಥದ್ದು. ಇಂದು ಅದರ ಉದ್ದ ಸುಮಾರು 49 ಕೋಟಿ ಜ್ಯೋತಿರ್ವರ್ಷ. ನಾದತೂರ್ ತಂಡ ಬಯಲುಗಳ ಜೊತೆ ಸೇರಿಸಿದ ಇನ್ನೊಂದು ಅಳತೆ ಇದೇ.

ಬಯಲುಗಳನ್ನೇ ಮುಂದಿಟ್ಟುಕೊಂಡು ಡಾರ್ಕ್ ಎನರ್ಜಿಯೇ ಬೇಡ ಎನ್ನುವವರೂ ಇದ್ದಾರೆ. ಬಯಲಿನಲ್ಲಿ ಗುರುತ್ವ ಕಡಿಮೆ, ಹಾಗಾಗಿ ಅಲ್ಲಿ ಗಡಿಯಾರ ಬೇಗ ಓಡುತ್ತದೆ, ಈ ವ್ಯತ್ಯಾಸವೇ ಹಿಗ್ಗುವಿಕೆ ವೇಗ ಪಡೆದಂತೆ ತೋರಿಸುತ್ತಿದೆ ಎಂಬುದು ನ್ಯೂಜಿಲೆಂಡಿನ ಡೇವಿಡ್ ವಿಲ್ಟ್‌ಶೈರ್ ಅವರ ವಾದ. ಬಹುಪಾಲು ತಜ್ಞರು ಒಪ್ಪಿಲ್ಲ, ಆದರೂ ಪರೀಕ್ಷಿಸಬಹುದಾದ ವಾದವಾದ್ದರಿಂದ ಅದಕ್ಕೆ ಬೆಲೆಯಿದೆ.

ಮುಂದಿನ ನಕ್ಷೆಗಳು

ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ 2021ರಿಂದ ಡೆಸಿ ಎಂಬ ಉಪಕರಣ ಕೆಲಸ ಮಾಡುತ್ತಿದೆ. ಅದರ 5,000 ಪುಟ್ಟ ರೋಬೊಗಳು ಒಂದೊಂದೂ ಒಂದೊಂದು ಗೆಲಾಕ್ಸಿಗೆ ಗುರಿಯಿಟ್ಟು, ಒಮ್ಮೆಗೇ 5,000 ರೋಹಿತಗಳನ್ನು ಹಿಡಿಯುತ್ತವೆ. 1986ರ ಆ ಪ್ರಸಿದ್ಧ ನಕ್ಷೆಯ ಎಲ್ಲ ಗೆಲಾಕ್ಸಿಗಳಿಗಿಂತ ನಾಲ್ಕು ಪಟ್ಟು ಹೆಚ್ಚು, ಒಂದೇ ಗುರಿಯಲ್ಲಿ. 2025ರಲ್ಲಿ ಡೆಸಿ ತಂಡ ಡಾರ್ಕ್ ಎನರ್ಜಿ ಕಾಲಕ್ರಮೇಣ ದುರ್ಬಲವಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿತು. ಇನ್ನೂ ಖಚಿತವೆನ್ನುವ ಮಟ್ಟ ಮುಟ್ಟಿಲ್ಲ. ನಿಜವಾದರೆ ವಿಶ್ವದ ಭವಿಷ್ಯದ ಬಗ್ಗೆ ಬರೆದಿಟ್ಟಿರುವುದನ್ನೆಲ್ಲ ತಿದ್ದಬೇಕಾಗುತ್ತದೆ.

2023ರ ಜುಲೈ 1ರಂದು ಹಾರಿದ ಯೂರೋಪಿನ ಯೂಕ್ಲಿಡ್ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಆಕಾಶದ ಮೂರನೇ ಒಂದು ಭಾಗವನ್ನು ಆರು ವರ್ಷ ನಕ್ಷೆ ಮಾಡಲಿದೆ. ಅದು 1,000 ಕೋಟಿ ವರ್ಷ ಹಿಂದಿನ ಬೆಳಕಿನವರೆಗೂ ನೋಡಬಲ್ಲದು. ಅಂದರೆ ಬಯಲುಗಳನ್ನು ಇನ್ನು ಮುಂದೆ ಕಾಲಾನುಕ್ರಮದಲ್ಲಿ ಬೇರ್ಪಡಿಸಿ, ಒಂದೊಂದು ಯುಗದ ಸರಾಸರಿ ಆಕಾರವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಹಿಗ್ಗುವಿಕೆ ನಿಧಾನದಿಂದ ವೇಗಕ್ಕೆ ತಿರುಗಿದ್ದು ಸುಮಾರು 500ರಿಂದ 600 ಕೋಟಿ ವರ್ಷಗಳ ಹಿಂದೆ. ಡೆಸಿ ಕೊಟ್ಟ ಸುಳಿವು ನಿಜವಾಗಿದ್ದರೆ, ಬದಲಾಗದ ಡಾರ್ಕ್ ಎನರ್ಜಿಯನ್ನು ನಂಬಿ ಹಾಕಿದ ಲೆಕ್ಕದಲ್ಲಿ ಆ ತಿರುವಿನ ಈಚಿನ ಬಯಲುಗಳು ಪೂರ್ತಿ ದುಂಡಗೆ ಬರಲಾರವು. ಆ ವ್ಯತ್ಯಾಸ ಬಹಳ ಸಣ್ಣದಿರುತ್ತದೆ. ಅದನ್ನು ಹಿಡಿಯಲು ಸ್ಲೋನ್ ನಕ್ಷೆಯ ಸಾವಿರಾರು ಬಯಲುಗಳು ಸಾಲವು. ಅದಕ್ಕಾಗಿಯೇ ಡೆಸಿ ಮತ್ತು ಯೂಕ್ಲಿಡ್ ಎರಡರ ನಕ್ಷೆಗಳಲ್ಲೂ ಗೆಲಾಕ್ಸಿಗಳಿರುವ ಕಡೆಯಷ್ಟೇ ಶ್ರದ್ಧೆಯಿಂದ, ಅವಿಲ್ಲದ ಕಡೆಯನ್ನೂ ಈಗ ತಂಡಗಳು ಎಣಿಸುತ್ತಿವೆ.